ಹಳತಾಗಿದ್ದು ಸೀರೆಯಲ್ಲ, ರವಿಕೆ

ಪ್ರಶ್ನೆ: ನನಗೆ 31 ವರ್ಷ. ದಾವಣಗೆರೆಯಲ್ಲಿ ಸಹಕಾರ ಬ್ಯಾಂಕೊಂದರಲ್ಲಿ ಕೆಲಸ. ವಾರಕ್ಕೆ ಎರಡು ದಿನ ಸೀರೆ, ಉಳಿದ ದಿನ ಕುರ್ತಾ. ಮೂರು-ನಾಲ್ಕು ವರ್ಷದ ಹಿಂದೆ ಹೊಲಿಸಿದ ಹದಿನೆಂಟು ರವಿಕೆಗಳಿವೆ. ಯಾವುದನ್ನು ಹಾಕಿಕೊಂಡರೂ ಜೊತೆಯವರು ‘ಏನೇ ಇದು, ಹಳೇ ಫ್ಯಾಷನ್’ ಅನ್ನುತ್ತಾರೆ. ಅಮ್ಮ ಕೊಟ್ಟ ಎರಡು ಮೈಸೂರು ಸಿಲ್ಕ್, ಒಂದು ಇಳಕಲ್ ಸೀರೆ ಬೀರುವಿನಲ್ಲೇ ಉಳಿದಿವೆ. ಬಟ್ಟೆಗೆಂದು ತಿಂಗಳಿಗೆ ಎರಡು ಸಾವಿರ ರೂಪಾಯಿ ಎತ್ತಿಡಬಲ್ಲೆ. ಈಗಿನ ಕಾಲದಲ್ಲಿ ಟ್ರೆಂಡಿನ ಜೊತೆ ಹೋಗುವುದು ಅನಿವಾರ್ಯವೇ? ಹೌದಾದರೆ ಎಲ್ಲಿಂದ ಶುರು ಮಾಡಲಿ? ಹೊಸ ಸೀರೆ ಕೊಳ್ಳಲೇ, ಹಳೆಯ ಸೀರೆ ಕತ್ತರಿಸಿ ಕುರ್ತಾ ಹೊಲಿಸಲೇ?
— ಹೆಸರು ಬೇಡ, ದಾವಣಗೆರೆ

ಉತ್ತರ: ಸದ್ಯಕ್ಕೆ ಹೊಸ ಸೀರೆ ಬೇಡ. ಅಮ್ಮನ ಸೀರೆಗೆ ಕತ್ತರಿ ಹಾಕುವುದಂತೂ ಬೇಡವೇ ಬೇಡ. ಒಂದು ಭಾನುವಾರ ಬೆಳಿಗ್ಗೆ ಆ ಹದಿನೆಂಟು ರವಿಕೆಗಳನ್ನೂ ಹಾಸಿಗೆಯ ಮೇಲೆ ಹರಡಿ, ಒಂದೊಂದನ್ನೇ ತಿರುವಿ ಹಾಕಿ, ಒಳಗಿನ ಹೊಲಿಗೆ ನೋಡಿ. ನಿಮ್ಮ ಪ್ರಶ್ನೆಗೆ ಮುಕ್ಕಾಲು ಪಾಲು ಉತ್ತರ ಅಲ್ಲೇ ಇದೆ.

ಐದೂವರೆ ಮೀಟರಿನ ಸೀರೆಗೆ ಅಳತೆ ಇಲ್ಲ, ಕತ್ತು ಇಲ್ಲ, ತೋಳು ಇಲ್ಲ. ಮೈಸೂರು ಸಿಲ್ಕಿನಂಥ ಒಂದೇ ಬಣ್ಣದ ಒಡಲು, ತೆಳು ಜರಿ ಅಂಚು ಇಪ್ಪತ್ತು ವರ್ಷದ ಹಿಂದೆಯೂ ನಡೆಯುತ್ತಿತ್ತು, ಈಗಲೂ ನಡೆಯುತ್ತದೆ. ವರ್ಷ ಎಣಿಸಿ ತೋರಿಸುವುದು ರವಿಕೆ: ತೋಳು ಎಲ್ಲಿ ನಿಲ್ಲುತ್ತದೆ, ಕತ್ತು ಎಷ್ಟು ಅಗಲ, ಹೆಗಲ ಹೊಲಿಗೆ ಎಲ್ಲಿ ಕೂರುತ್ತದೆ, ಉದ್ದ ಎಷ್ಟು. ಟ್ರೆಂಡಿಗೆ ಕೊಡುವ ದುಡ್ಡನ್ನೆಲ್ಲ ಈ ಮುಕ್ಕಾಲು ಮೀಟರ್ ಬಟ್ಟೆಯ ಮೇಲೆ ಇಟ್ಟರೆ ಸಾಕು. ಅದನ್ನೂ ನಾಳೆ ಬಿಚ್ಚಿ ಬದಲಿಸುವ ಹಾಗೆ ಹೊಲಿಸಬೇಕು.

ಅನಿವಾರ್ಯವೇ ಎಂದು ಕೇಳಿದ್ದೀರಿ. ಒಂದು ಮಟ್ಟಿಗೆ ಹೌದು. ಜನರ ಎದುರು ಕೂತು ಕೆಲಸ ಮಾಡುವವರ ಉಡುಪನ್ನು ಎದುರಿನವರು ಓದುತ್ತಾರೆ, ಅದನ್ನು ತಪ್ಪಿಸಲಾಗದು. ಜರ್ಮನಿಯ ಸಮಾಜಶಾಸ್ತ್ರಜ್ಞ ಗಿಯೋರ್ಗ್ ಸಿಮ್ಮೆಲ್ 1904ರಲ್ಲೇ ಇದನ್ನು ಬಿಡಿಸಿ ಹೇಳಿದ: ಮೇಲಿನವರು ಉಟ್ಟಿದ್ದನ್ನು ಕೆಳಗಿನವರು ಅನುಕರಿಸುತ್ತಾರೆ, ಅನುಕರಿಸಿದ ಕೂಡಲೇ ಮೇಲಿನವರು ಅದನ್ನು ಬಿಟ್ಟು ಮುಂದೆ ಹೋಗುತ್ತಾರೆ. ಆಗಿಗೂ ಈಗಿಗೂ ಬದಲಾಗಿರುವುದು ವೇಗ. ಹಿಂದೆ ಟೇಲರ್ ಅಂಗಡಿಯ ಗೋಡೆಗೆ ಅಂಟಿಸಿದ ರವಿಕೆ ಡಿಸೈನಿನ ಪೋಸ್ಟರ್ ಬಣ್ಣ ಮಾಸುವವರೆಗೂ ಫ್ಯಾಷನ್ ಆಗಿಯೇ ಇರುತ್ತಿತ್ತು. ಈಗ ಧಾರಾವಾಹಿಯ ನಾಯಕಿ ಉಟ್ಟ ಸೀರೆ ಮಾರನೆಯ ದಿನ ರೀಲ್ಸಿನಲ್ಲಿ ಕಾಣಿಸುತ್ತದೆ, ಅದರ ಪಾಲಿಯೆಸ್ಟರ್ ಪ್ರಿಂಟು ಸೂರತ್ತಿನಿಂದ ಹೊರಟು ಚಿಕ್ಕಪೇಟೆಯ ಸಗಟು ಅಂಗಡಿ ದಾಟಿ ನಿಮ್ಮೂರಿನ ಅಂಗಡಿಗೆ ಬರುವುದಕ್ಕೂ ಹೆಚ್ಚು ದಿನ ಬೇಕಿಲ್ಲ. ‘ಈ ವರ್ಷದ ಬಣ್ಣ’ ಎಂದು ಪ್ರತಿ ಡಿಸೆಂಬರಿನಲ್ಲಿ ಘೋಷಿಸುವ ಪ್ಯಾಂಟೋನ್ ಸಂಸ್ಥೆ 2023ಕ್ಕೆ ಕಡುಗುಲಾಬಿ ಛಾಯೆಯ ಕೆಂಪು, 2024ಕ್ಕೆ ಪೀಚ್, 2025ಕ್ಕೆ ಕಂದು ಅಂದಿತು. ಮೂರು ವರ್ಷಕ್ಕೆ ಮೂರು ದಿಕ್ಕು. ಅದರ ಬೆನ್ನು ಹತ್ತಿದರೆ ಬೀರು ತುಂಬುತ್ತದೆ, ಉಡುವುದಕ್ಕೆ ಏನೂ ಇರುವುದಿಲ್ಲ.

ಹಾಗಾಗಿ ಯಾವುದರ ಜೊತೆ ಹೋಗಬೇಕು, ಯಾವುದನ್ನು ಬಿಡಬೇಕು ಎಂದು ಬೇರ್ಪಡಿಸುವುದೇ ಮುಖ್ಯ. ಉಡುಪಿನ ಆಕಾರ ನಿಧಾನ ಬದಲಾಗುತ್ತದೆ, ಬದಲಾದ ಮೇಲೆ ಹಲವು ವರ್ಷ ನಿಲ್ಲುತ್ತದೆ. ಲೆಗ್ಗಿಂಗ್ಸ್ ಹೋಗಿ ನೇರ ಪ್ಯಾಂಟು ಬಂದದ್ದು, ಅಂಗೈ ಅಗಲದ ತೋಳು ಹೋಗಿ ಮೊಣಕೈವರೆಗಿನ ತೋಳು ಬಂದದ್ದು ಈ ಜಾತಿಯ ಬದಲಾವಣೆ. ಇದರ ಜೊತೆ ಹೋಗದಿದ್ದರೆ ನಿಜಕ್ಕೂ ಹಳೆಯ ಫೋಟೋದಿಂದ ಎದ್ದು ಬಂದ ಹಾಗೆ ಕಾಣುತ್ತೀರಿ. ಅಲಂಕಾರದ ಟ್ರೆಂಡು ಬೇರೆ: ಬೆನ್ನಿಗೆ ನವಿಲು, ತೋಳಿಗೆ ವಧು-ವರರ ಚಿತ್ರ, ಜೋತಾಡುವ ಗೊಂಡೆಯ ಲಟ್ಕನ್ನು, ಕನ್ನಡಿ ಚೂರು. ಇದು ಒಂದು ಮದುವೆ ಸೀಸನ್ನಿನ ಆಟ. ಬ್ಯಾಂಕಿನ ಕೌಂಟರಿನಲ್ಲಿ ಇದರ ಅಗತ್ಯವೇ ಇಲ್ಲ.

‘ಹಳೇ ಫ್ಯಾಷನ್’ ಎಂಬ ಮಾತಿನಲ್ಲಿ ಅರ್ಧ ಫ್ಯಾಷನ್ನಿನದಲ್ಲ, ಅಳತೆಯದು. ನಾಲ್ಕು ವರ್ಷದಲ್ಲಿ ಮೈ ಬದಲಾಗಿರುತ್ತದೆ. ಕಂಕುಳಿನಿಂದ ಎದೆಯ ಕಡೆಗೆ ಅಡ್ಡ ಸುಕ್ಕು ಎಳೆದಿದ್ದರೆ, ತೋಳಿನ ಅಂಚು ರಟ್ಟೆಯನ್ನು ಕಚ್ಚಿ ಗೆರೆ ಮೂಡಿಸಿದ್ದರೆ, ಹುಕ್ಕುಗಳ ನಡುವೆ ಬಾಯಿ ಬಿಟ್ಟಿದ್ದರೆ ನೋಡುವವರಿಗೆ ಕಾರಣ ಗೊತ್ತಾಗದೆ ‘ಏನೋ ಹಳತು’ ಅನ್ನಿಸುತ್ತದೆ. ಕನ್ನಡಿಯ ಮುಂದೆ ಕೈ ಎತ್ತಿ ಇಳಿಸಿ, ಕುರ್ಚಿಯಲ್ಲಿ ಕೂತು ನೋಡಿ. ಬಿಗಿ ಮಾತ್ರ ತೊಂದರೆಯಾದವು ಒಂದು ಗುಡ್ಡೆ, ಅಳತೆ ಸರಿಯಿದ್ದು ಕತ್ತು-ತೋಳು ಹಳತಾದವು ಇನ್ನೊಂದು. ಬಣ್ಣ ಹೋಗಿ ಕಂಕುಳಲ್ಲಿ ಬಟ್ಟೆ ಸವೆದವುಗಳನ್ನು ಒರೆಸುವ ಬಟ್ಟೆಗೆ ಹಾಕಿ, ಅವುಗಳ ಮೇಲೆ ದುಡ್ಡು ಸುರಿಯಬೇಡಿ.

ಬಿಗಿಯಾದವನ್ನು ತಿರುವಿ ಪಕ್ಕದ ಹೊಲಿಗೆ ನೋಡಿ. ಹೊಲಿಗೆಯಿಂದ ಬಟ್ಟೆಯ ತುದಿಯವರೆಗೆ ಒಂದೂವರೆ ಇಂಚು ಮಾರ್ಜಿನ್ ಬಿಟ್ಟಿದ್ದರೆ ನಿಮ್ಮ ಟೇಲರ್ ಪುಣ್ಯಾತ್ಮ. ಅರ್ಧ ಇಂಚು ಉಳಿಸಿಕೊಂಡು ಒಂದು ಇಂಚು ಬಿಚ್ಚಿದರೂ, ಎರಡು ಪಕ್ಕ, ಪ್ರತಿ ಪಕ್ಕಕ್ಕೆ ಮುಂದಿನದೊಂದು ಹಿಂದಿನದೊಂದು ಪದರ, ಒಟ್ಟು ನಾಲ್ಕು ಇಂಚು ಸುತ್ತಳತೆ ಸಿಗುತ್ತದೆ. ಆದರೆ ಪಕ್ಕದ ಹೊಲಿಗೆ ಕಂಕುಳು ದಾಟಿ ತೋಳಿಗೂ ಹೋಗುತ್ತದೆ, ತೋಳಿನ ಒಳಗೂ ಅಷ್ಟೇ ಮಾರ್ಜಿನ್ ಇದ್ದರೆ ಮಾತ್ರ ಇದು ನಡೆಯುತ್ತದೆ. ಎಷ್ಟೋ ರವಿಕೆಗಳಲ್ಲಿ ಮೈಗೆ ಮಾರ್ಜಿನ್ ಇದ್ದು ತೋಳಿಗೆ ಇರುವುದಿಲ್ಲ. ಇನ್ನೊಂದು ಕಳ್ಳ ಓವರ್‌ಲಾಕ್ ಮಷೀನು. ಅದರಲ್ಲೊಂದು ಸಣ್ಣ ಬ್ಲೇಡ್ ಇರುತ್ತದೆ, ಅಂಚು ಕಟ್ಟುತ್ತಲೇ ಬಟ್ಟೆ ಕತ್ತರಿಸುತ್ತಾ ಹೋಗುತ್ತದೆ. ಹೊಲಿಗೆಯ ಪಕ್ಕಕ್ಕೇ ಓವರ್‌ಲಾಕ್ ಓಡಿಸಿದರೆ ಬಿಟ್ಟ ಮಾರ್ಜಿನ್ನೆಲ್ಲ ಕಸದ ಬುಟ್ಟಿಗೆ. ‘ತುದಿಗೆ ಮಾತ್ರ ಓವರ್‌ಲಾಕ್ ಮಾಡಿ, ಒಳಗಿನದು ಕತ್ತರಿಸಬೇಡಿ’ ಎಂದು ಕೊಡುವಾಗಲೇ ಹೇಳಿ. ಹೇಳದಿದ್ದರೆ ಒಳಗೆ ಅಚ್ಚುಕಟ್ಟಾಗಿ ಕಾಣಲಿ ಎಂದು ಅವರು ಕತ್ತರಿಸುತ್ತಾರೆ, ಅದು ಅವರ ತಪ್ಪಲ್ಲ.

ಮಾರ್ಜಿನ್ ಇಲ್ಲದಿದ್ದರೆ ಎರಡು ದಾರಿ. ಅರ್ಧ ಇಂಚಿನ ಕೊರತೆಗೆ ಹುಕ್ಕಿನ ಪಟ್ಟಿಯನ್ನು ಸ್ವಲ್ಪ ಅಗಲ ಮಾಡಿ, ಹುಕ್ಕಿನ ಕಣ್ಣುಗಳ ಇನ್ನೊಂದು ಸಾಲನ್ನು ಅಂಚಿನ ಕಡೆಗೆ ಹಾಕಿಸಿದರೆ ಸಾಕು. ಎರಡು-ಮೂರು ಇಂಚು ಬೇಕಾದರೆ ಪಕ್ಕ ಬಿಚ್ಚಿ, ಕಂಕುಳಿನಿಂದ ಕೆಳಗಿನ ಅಂಚಿನವರೆಗೆ ಎರಡು ಕಡೆಯೂ ಬೇರೆ ಬಟ್ಟೆಯ ಪಟ್ಟಿ ಸೇರಿಸಬೇಕು. ಒಂದೊಂದು ಪಟ್ಟಿ ಎರಡೂವರೆ ಇಂಚು ಅಗಲ ಕತ್ತರಿಸಿದರೆ ಹೊಲಿಗೆಗೆ ಒಂದು ಇಂಚು ಹೋಗಿ ಒಂದೂವರೆ ಉಳಿಯುತ್ತದೆ, ಎರಡೂ ಸೇರಿ ಮೂರು ಇಂಚು. ತೋಳು ಕೆಳಗಿಟ್ಟಾಗ ಹೆಚ್ಚು ಕಾಣುವುದಿಲ್ಲ. ಅದೇ ಬಟ್ಟೆಯನ್ನು ತೋಳಿನ ಅಂಚಿಗೂ ಕೊಟ್ಟರೆ ಬೇಕೆಂದೇ ಮಾಡಿಸಿದ ಹಾಗಿರುತ್ತದೆ. ಎದೆಯ ಮುಂಭಾಗದಲ್ಲೇ ಬಿಗಿ ಇದ್ದರೆ ಪಕ್ಕ ಬಿಚ್ಚುವುದರಿಂದ ಹೆಚ್ಚು ಪ್ರಯೋಜನವಿಲ್ಲ ಎಂಬುದು ನೆನಪಿರಲಿ. ಪ್ರಿನ್ಸೆಸ್ ಕಟ್ ರವಿಕೆಯಲ್ಲಿ ಎದೆಯ ಮೇಲೆ ಹಾದು ಕೆಳಗಿಳಿಯುವ ಬಾಗಿದ ಹೊಲಿಗೆ ಚೆನ್ನಾಗಿ ಕೂರಲೆಂದು ಒಳಗಿನ ಬಟ್ಟೆಯನ್ನು ಕತ್ತರಿಸಿ ಕಚ್ಚು ಹಾಕಿರುತ್ತಾರೆ, ಬಿಚ್ಚಿದರೆ ಉಳಿಯುವುದು ತೂತೇ. ತೂಕ ಏರಿಳಿಯುವವರಿಗೆ, ಬಾಣಂತಿಯರಿಗೆ ಟಕ್ಕಿನ (ಎದೆಯ ಆಕಾರಕ್ಕೆ ಬಟ್ಟೆ ಮಡಚಿ ಹೊಲಿದ) ರವಿಕೆಯೇ ವಾಸಿ, ಟಕ್ಕು ಸಡಿಲಿಸಿದರೆ ಮುಂಭಾಗದಲ್ಲಿ ಜಾಗ ಸಿಗುತ್ತದೆ. ಪಕ್ಕದಲ್ಲಿ ಜಿಪ್ ಇಡುವುದು ಈಚಿನ ರೂಢಿ, ನೋಡಲು ಚೆಂದ. ಆದರೆ ಜಿಪ್ ಕೂತ ಪಕ್ಕವನ್ನು ಬಿಚ್ಚಿ ದೊಡ್ಡದು ಮಾಡಬೇಕಾದರೆ ಜಿಪ್ಪನ್ನೇ ಕಿತ್ತು ಮತ್ತೆ ಕೂರಿಸಬೇಕು. ಅಷ್ಟು ಕೆಲಸಕ್ಕೆ ಒಪ್ಪುವ ಟೇಲರ್ ಸಿಗುವುದು ಕಷ್ಟ.

ರೇಷ್ಮೆ, ಟಿಶ್ಯೂ (ಜರಿ ನೂಲು ಬೆರೆತ ತೆಳು ಬಟ್ಟೆ) ರವಿಕೆಗಳಲ್ಲಿ ಹಳೆಯ ಹೊಲಿಗೆಯ ಸೂಜಿ ತೂತು ಸಾಲಾಗಿ ಕಾಣುತ್ತವೆ. ಹತ್ತಿಗಾದರೆ ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಮಾಡಿದಾಗ ಬಹುಪಾಲು ಮುಚ್ಚುತ್ತವೆ, ಟಿಶ್ಯೂಗೆ ಮುಚ್ಚುವುದಿಲ್ಲ. ಆ ಗೆರೆಯ ಮೇಲೆ ಸಣ್ಣ ಪೈಪಿಂಗ್ (ಬಟ್ಟೆಯ ಸಪೂರ ಪಟ್ಟಿ) ಓಡಿಸಿ ಮರೆಸುವುದೊಂದೇ ಉಪಾಯ.

ಇನ್ನು ಎರಡನೇ ಗುಡ್ಡೆ, ಕತ್ತು-ತೋಳು ಹಳತಾದವು. ಇಲ್ಲಿ ಕತ್ತರಿಯ ಸ್ವಭಾವ ತಿಳಿದಿರಬೇಕು. ಚಿಕ್ಕ ಕತ್ತನ್ನು ದೊಡ್ಡದು ಮಾಡಬಹುದು, ದೊಡ್ಡದನ್ನು ಚಿಕ್ಕದು ಮಾಡಲಾಗದು. ಉದ್ದ ತೋಳನ್ನು ಗಿಡ್ಡ ಮಾಡಬಹುದು, ಗಿಡ್ಡದನ್ನು ಬೇರೆ ಬಟ್ಟೆ ಸೇರಿಸದೆ ಬೆಳೆಸಲಾಗದು. ಹೆಚ್ಚು ಬಟ್ಟೆ ಕೇಳುವ ಫ್ಯಾಷನ್ನಿನಿಂದ ಕಡಿಮೆ ಬಟ್ಟೆಯದಕ್ಕೆ ಇಳಿಯಬಹುದು, ಹತ್ತುವುದು ಕಷ್ಟ. ನಿಮ್ಮ ರವಿಕೆಗಳು ಬಹುಶಃ ಗಿಡ್ಡ ತೋಳು, ಆಳ ಬೆನ್ನಿನವು. ಗಿಡ್ಡ ತೋಳಿಗೆ ಮೂರು-ನಾಲ್ಕು ಇಂಚಿನ ಬೇರೆ ಬಟ್ಟೆ ಜೋಡಿಸಿ ಮೊಣಕೈಗೆ ತರಬಹುದು, ಅಂಚಿನ ತುಂಡಾದರೆ ಜೋಡಣೆ ಅನ್ನಿಸುವುದೇ ಇಲ್ಲ. ಸೀರೆಯಿಂದ ರವಿಕೆ ಪೀಸ್ ಕತ್ತರಿಸಿದಾಗ ಉಳಿದ ಅಂಚಿನ ಚೂರುಗಳು ಮನೆಯಲ್ಲಿ ಎಲ್ಲೋ ಕಟ್ಟಿಟ್ಟಿರುತ್ತವೆ, ಹುಡುಕಿ. ಆಳ ಬೆನ್ನಿಗೆ ನೆಟ್ ಅಥವಾ ಆರ್ಗಾಂಜಾ ಕೂರಿಸಿ ಮೇಲೆ ಸಣ್ಣ ಕಾಲರ್ ಕೊಡಬಹುದು, ಆದರೆ ಅದು ಸಮಾರಂಭದ ಉಡುಪಾಯಿತು. ಕೆಲಸಕ್ಕೆ ಹೋಗುವ ರವಿಕೆಗೆ ಇದರ ಗೋಜು ಬೇಡ.

ಬುಗ್ಗೆ ತೋಳನ್ನು ಮತ್ತೆ ಪಫ್ ಎಂದು ಕರೆದು ಎಲ್ಲರೂ ಹೊಲಿಸುತ್ತಿದ್ದಾರಲ್ಲ, ಅದರ ಬಗ್ಗೆ ಎರಡು ಮಾತು. ಇದು ಸರಿಬರದೆ ಹೋಗುವುದು ಮೂರು ಕಾರಣಕ್ಕೆ. ಬಟ್ಟೆ ಸಾಲದು: ಸೀರೆಯ ಜೊತೆ ಬರುವ ಪೀಸ್ ಸಾಮಾನ್ಯವಾಗಿ 80 ಸೆಂಟಿಮೀಟರ್, ಮೊಣಕೈವರೆಗಿನ ಬುಗ್ಗೆಗೆ ಒಂದು ಮೀಟರ್ ಬೇಕು. ಸಾಲದ್ದಕ್ಕೆ ಟೇಲರ್ ನೆರಿಗೆ ಕಡಿಮೆ ಮಾಡುತ್ತಾರೆ, ಅದು ಬುಗ್ಗೆಯೂ ಅಲ್ಲದ ಸಾದಾ ತೋಳೂ ಅಲ್ಲದ ಸುಕ್ಕಾಗಿ ಉಳಿಯುತ್ತದೆ. ತೋಳಿನ ತಲೆಭಾಗಕ್ಕೆ ಕನಿಷ್ಠ ಮೂರು ಇಂಚು ಹೆಚ್ಚಿನ ಅಗಲ, ಒಂದು ಇಂಚು ಹೆಚ್ಚಿನ ಎತ್ತರ ಇದ್ದರಷ್ಟೇ ಅದು ನಿಲ್ಲುತ್ತದೆ. ಎರಡನೆಯದು ಹೆಗಲು. ಸಾದಾ ತೋಳಿಗೆ ಇಟ್ಟ ಹೆಗಲ ಅಳತೆಯನ್ನೇ ಬುಗ್ಗೆಗೂ ಇಟ್ಟರೆ ಉಬ್ಬು ಹೆಗಲಿನಿಂದ ಆಚೆ ಜಾರಿ ರಟ್ಟೆಯ ಮೇಲೆ ಕೂರುತ್ತದೆ, ಮೈ ದಪ್ಪ ಕಾಣುತ್ತದೆ. ಹೆಗಲ ಹೊಲಿಗೆಯನ್ನು ಎರಡು ಕಡೆಯೂ ಅರ್ಧ ಇಂಚು ಒಳಗೆ ತರಬೇಕು. ಮೂರನೆಯದು ಬಟ್ಟೆಯ ಗುಣ. ಹತ್ತಿ, ಖಣ, ಗಟ್ಟಿ ರೇಷ್ಮೆಯಲ್ಲಿ ನೆರಿಗೆ ತಾನೇ ಎದ್ದು ನಿಲ್ಲುತ್ತದೆ, ಕ್ರೇಪ್ ಮತ್ತು ಜಾರ್ಜೆಟ್ಟಿನಲ್ಲಿ ಜೋತು ಬೀಳುತ್ತದೆ. ಒಳಗೆ ಗಟ್ಟಿ ನೆಟ್ಟಿನ ಒಂದು ಪಟ್ಟಿ ಕೊಟ್ಟರೆ ಮಾತ್ರ ಏಳುತ್ತದೆ. ಇಷ್ಟಾದರೂ ಬುಗ್ಗೆ ಒಳ್ಳೆಯ ಟ್ರೆಂಡು ಅನ್ನಬೇಕು, ಯಾಕೆಂದರೆ ಅದು ಹೋದ ದಿನ ಬಿಚ್ಚಿ ಸಾದಾ ತೋಳು ಮಾಡಿಸಬಹುದು.

ಹೆಗಲಿನಿಂದ ಹೆಗಲಿಗೆ ಅಗಲವಾಗಿ ಹರಡುವ ಬೋಟ್ ನೆಕ್ ಹಾಗಲ್ಲ. ಅಗಲವಾಗಿ ಕತ್ತರಿಸಿದ ಮೇಲೆ ಹಿಂದಕ್ಕೆ ಬರುವ ದಾರಿಯೇ ಇಲ್ಲ. ಮುಂದಿನ ಆಳ ಮೂರೂವರೆಯಿಂದ ನಾಲ್ಕು ಇಂಚು ಸಾಕು, ಹಿಂದೆಯೂ ಮೇಲೆಯೇ ಇದ್ದರೆ ತೆರೆಯುವುದು ಬೆನ್ನಿನಲ್ಲಿ ಆಗಬೇಕು. ಹೆಗಲು ಇಳಿಜಾರಾಗಿರುವವರಿಗೆ ಇದು ಬಾಯಿ ಬಿಡುತ್ತದೆ, ಅವರಿಗೆ ಬದಲಿಗೆ ಚೌಕ ಕತ್ತು ಹೇಳಿ. ಮುಂದೂ ಅಗಲ, ಹಿಂದೂ ಒಂಬತ್ತು-ಹತ್ತು ಇಂಚು ಆಳ ಎರಡನ್ನೂ ಕೇಳಿದರೆ ರವಿಕೆ ದಿನವಿಡೀ ಹೆಗಲಿನಿಂದ ಜಾರುತ್ತದೆ. ಒಂದನ್ನು ಬಿಡಿ. ಹೆಗಲ ಪಟ್ಟಿ ಎರಡೂವರೆ ಇಂಚಿಗಿಂತ ಕಡಿಮೆ ಆಗದಿರಲಿ.

ಹೊಸ ರವಿಕೆ ಹೊಲಿಸುವಾಗ ನಮ್ಮವರು ಮಾಡುವ ದೊಡ್ಡ ತಪ್ಪು ಅಳತೆ ರವಿಕೆ ಕೊಟ್ಟು ಬರುವುದು. ಕವರಿನಲ್ಲಿ ಹಳೆಯದೊಂದನ್ನು ತುರುಕಿ ‘ಇದೇ ಅಳತೆ, ಕತ್ತು ಮಾತ್ರ ಈ ಫೋಟೋದ್ದು’ ಅನ್ನುತ್ತೇವೆ. ಆ ಹಳೆಯ ರವಿಕೆಯ ಜೊತೆ ಅದರ ಹೆಗಲು, ಕಂಕುಳಿನ ಸುತ್ತು, ಟಕ್ಕಿನ ಜಾಗ ಎಲ್ಲವೂ ಹೊಸದಕ್ಕೆ ವರ್ಗವಾಗುತ್ತವೆ. ಹತ್ತು ವರ್ಷದ ಹಿಂದಿನ ಆಕಾರಕ್ಕೆ ಈ ವರ್ಷದ ಕತ್ತು, ಅಷ್ಟೇ. ಮೈಮೇಲೆ ಟೇಪ್ ಹಿಡಿಸಿ ಅಳೆಸಿ: ಉದ್ದ, ಹೆಗಲು, ಎದೆಯ ಮೇಲಿನ ಸುತ್ತು, ಎದೆಯ ಸುತ್ತು, ಎದೆಯ ಕೆಳಗಿನ ಸುತ್ತು, ಕಂಕುಳಿನ ಸುತ್ತು, ತೋಳಿನ ಉದ್ದ, ತೋಳಿನ ಅಂಚಿನ ಸುತ್ತು, ಮುಂದಿನ ಕತ್ತು, ಹಿಂದಿನ ಕತ್ತು, ಹೆಗಲಿನಿಂದ ಟಕ್ ಪಾಯಿಂಟ್ (ಟಕ್ಕಿನ ತುದಿ ನಿಲ್ಲುವ ಜಾಗ). ಸೀರೆಯ ದಿನ ಹಾಕುವ ಒಳ ಉಡುಪನ್ನೇ ಹಾಕಿಕೊಂಡು ಹೋಗಿ, ಟಕ್ ಪಾಯಿಂಟ್ ಅದರ ಮೇಲೆಯೇ ನಿಂತಿದೆ. ಈ ಹನ್ನೊಂದು ಅಂಕಿಗಳನ್ನು ನಿಮ್ಮ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಡಿಸೈನಿನ ಫೋಟೋ ತೋರಿಸುವಾಗ ಮುಂದು, ಬೆನ್ನು, ತೋಳು ಮೂರೂ ಬೇರೆ ಬೇರೆ ಇರಲಿ. ಬೆನ್ನಿನ ಫೋಟೋ ಮಾತ್ರ ತೋರಿಸಿದರೆ ಮುಂದಿನದು ಟೇಲರ್ ಇಷ್ಟ. ರೀಲ್ಸಿನ ಮಾಡೆಲ್‌ಗೆ ಬೆನ್ನ ಹಿಂದೆ ಪಿನ್ನು ಚುಚ್ಚಿ ಬಿಗಿ ಮಾಡಿರುತ್ತಾರೆ ಎಂಬುದನ್ನೂ ಮರೆಯಬೇಡಿ.

ಲೈನಿಂಗ್ ಬಟ್ಟೆಯನ್ನು ನೀವೇ ಕೊಂಡು, ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಹಿಂಡದೆ ನೆರಳಲ್ಲಿ ಒಣಗಿಸಿ, ಇಸ್ತ್ರಿ ಮಾಡಿ ಕೊಡಿ. ಹತ್ತಿಯ ಲೈನಿಂಗ್ ಮೀಟರಿಗೆ ಮೂರು-ನಾಲ್ಕು ಸೆಂಟಿಮೀಟರ್ ಕುಗ್ಗಬಹುದು. ನೆನೆಸದೆ ಹೊಲಿದರೆ ಮೊದಲ ಒಗೆತದಲ್ಲಿ ಒಳಗಿನದು ಕುಗ್ಗಿ ಮೇಲಿನದು ಗುಳ್ಳೆ ಏಳುತ್ತದೆ, ಆಮೇಲೆ ಯಾವ ಇಸ್ತ್ರಿಗೂ ಅದು ಕೂರುವುದಿಲ್ಲ. ಪಾಲಿಯೆಸ್ಟರ್ ಲೈನಿಂಗ್ ಕುಗ್ಗುವುದಿಲ್ಲ, ಆದರೆ ದಾವಣಗೆರೆಯ ಏಪ್ರಿಲ್ಲಿಗೆ ಅದನ್ನು ಹಾಕಿಕೊಳ್ಳುವುದು ಶಿಕ್ಷೆ. ಪ್ಯಾಡ್ ಹೊಲಿಸುವುದು ಬೇಡ: ಒಗೆದಾಗ ಗಂಟು ಕಟ್ಟುತ್ತದೆ, ಒಳಗೆ ಒಣಗದೆ ವಾಸನೆ ಹಿಡಿಯುತ್ತದೆ. ಕಂಕುಳಿಗೆ ಮಾತ್ರ ಲೈನಿಂಗಿನದೇ ಇನ್ನೊಂದು ಪದರ ಕೊಡಿಸಿ. ರೇಷ್ಮೆಯನ್ನು ಕೊಲ್ಲುವುದು ಬೆವರು.

ಆರಿ ವರ್ಕ್ (ಕೊಕ್ಕೆ ಸೂಜಿಯ ಕಸೂತಿ) ಬೇಕೇ ಬೇಕು ಅನ್ನಿಸಿದರೆ ಕತ್ತಿನ ಸುತ್ತ ಬೇಡ. ಒಮ್ಮೆ ಕತ್ತಿನ ಸುತ್ತ ಮಣಿ ಕೂರಿಸಿದರೆ ಆ ಕತ್ತು ಶಾಶ್ವತ. ಒಂದೂವರೆ-ಎರಡು ಇಂಚು ಅಗಲದ ಪಟ್ಟಿಯ ಮೇಲೆ ಬೇರೆಯಾಗಿ ಕಸೂತಿ ಮಾಡಿಸಿ ತೋಳಿನ ಅಂಚಿಗೆ ಕೈಹೊಲಿಗೆ ಹಾಕಿಸಿ. ರವಿಕೆ ಸವೆದ ದಿನ ಪಟ್ಟಿ ಬಿಚ್ಚಿ ಇನ್ನೊಂದಕ್ಕೆ ಸೇರಿಸಬಹುದು. ಲೆಕ್ಕ ಹಾಕಿ ನೋಡಿ: 1,800 ರೂಪಾಯಿಯ ವರ್ಕ್ ರವಿಕೆ ಮೂರು ಮದುವೆಗೆ ಹಾಕಿದರೆ ಒಂದು ಸಲಕ್ಕೆ 600. ಅದೇ 600ಕ್ಕೆ ಹೊಲಿಸಿದ ಸಾದಾ ಖಣದ ರವಿಕೆಯನ್ನು ಮೂವತ್ತು ಸಲ ಹಾಕಿದರೆ ಒಂದು ಸಲಕ್ಕೆ 20.

ಖಣದ ಮಾತು ಬಂದದ್ದು ಸುಮ್ಮನೆ ಅಲ್ಲ. ನಿಮ್ಮ ಇಳಕಲ್ ಸೀರೆಗೂ ಮೈಸೂರು ಸಿಲ್ಕಿಗೂ ಒಟ್ಟಿಗೇ ಹೊಂದುವ ಬಟ್ಟೆ ಅದು. ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದ ಈ ರವಿಕೆ ಬಟ್ಟೆ ನಮ್ಮ ಉತ್ತರ ಕರ್ನಾಟಕದ ಅಜ್ಜಿಯರ ದಿನನಿತ್ಯದ ಕುಪ್ಪಸವಾಗಿತ್ತು. ಈಗ ಅದೇ ಬೆಂಗಳೂರಿನ ಬೂಟೀಕಿನಲ್ಲಿ ಜಾಕೆಟ್ಟು, ಫ್ರಾಕು, ಕೈಚೀಲವಾಗಿ ಟ್ರೆಂಡ್ ಅನ್ನಿಸಿಕೊಂಡಿದೆ. ಕೊಳ್ಳುವಾಗ ಎರಡು ನೋಡಿ. ಕೈಮಗ್ಗದ ಖಣಕ್ಕೆ ಅಗಲ ಕಡಿಮೆ, ಟೇಪ್ ಹಿಡಿದು ಅಳೆದು ಟೇಲರಿಗೆ ಹೇಳಿ ಉದ್ದ ಹೆಚ್ಚು ತೆಗೆದುಕೊಳ್ಳಿ, ಇಲ್ಲವೆಂದರೆ ತೋಳಿಗೆ ಸಾಲದು. ಪಾಲಿಯೆಸ್ಟರ್ ನೂಲಿನ ಪವರ್‌ಲೂಮ್ ಖಣವೂ ಅದೇ ಹೆಸರಿನಲ್ಲಿ ಬರುತ್ತಿದೆ. ಹೊಳಪು ಗಾಜಿನಂತಿರುತ್ತದೆ, ಮುದುರಿ ಬಿಟ್ಟರೆ ಸುಕ್ಕೇ ಬೀಳುವುದಿಲ್ಲ. ಅನುಮಾನ ಬಂದರೆ ಅಂಚಿನಿಂದ ನಾಲ್ಕೆಳೆ ನೂಲು ಕಿತ್ತು ಇಕ್ಕಳದಲ್ಲಿ ಹಿಡಿದು ಸುಡಿ. ರೇಷ್ಮೆ ಕೂದಲು ಸುಟ್ಟ ವಾಸನೆ ಕೊಟ್ಟು ಪುಡಿಯಾಗುತ್ತದೆ, ಹತ್ತಿ ಕಾಗದದ ಹಾಗೆ ಉರಿದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿ ಕಟ್ಟುತ್ತದೆ. ‘ಸಾಫ್ಟ್ ಸಿಲ್ಕ್’, ‘ಸೆಮಿ ಸಿಲ್ಕ್’, ‘ಆರ್ಟ್ ಸಿಲ್ಕ್’ ಎಂಬ ಹೆಸರು ಕೇಳಿದ ಕೂಡಲೇ ಈ ಪರೀಕ್ಷೆ ನೆನಪಾಗಲಿ. ಕೇಂದ್ರ ರೇಷ್ಮೆ ಮಂಡಳಿಯ ಕಡೆಯಿಂದ 2004ರಿಂದ ಬಂದಿರುವ ಸಿಲ್ಕ್ ಮಾರ್ಕ್ ಚೀಟಿ ಇದ್ದರೆ ಅಷ್ಟರಮಟ್ಟಿಗೆ ನೆಮ್ಮದಿ.

ಮೈಸೂರು ಸಿಲ್ಕ್ ಬೀರುವಿನಲ್ಲೇ ಇದೆ ಎಂದಿರಿ, ಒಂದೇ ಮಡಿಕೆಯಲ್ಲಿ ಎಷ್ಟು ವರ್ಷದಿಂದ ಇದೆ? 1912ರಲ್ಲಿ ಮೈಸೂರಿನಲ್ಲಿ ಶುರುವಾದ ಸರ್ಕಾರಿ ರೇಷ್ಮೆ ನೇಯ್ಗೆ ಕಾರ್ಖಾನೆಯ ಸೀರೆಯಾದರೆ ಅದರ ಜರಿಯಲ್ಲಿ ಶೇ 65 ಬೆಳ್ಳಿ, ಶೇ 0.65 ಚಿನ್ನ ಇರುತ್ತದೆ. ಬೆಳ್ಳಿ ಗಾಳಿಗೆ, ಬೆವರಿಗೆ, ಸೆಂಟಿಗೆ ಕಪ್ಪಾಗುತ್ತದೆ. ಸೆಂಟನ್ನು ಸೀರೆ ಉಡುವ ಮೊದಲೇ ಮೈಗೆ ಹಾಕಿ ಒಣಗಲು ಬಿಡಿ. ಮೂರು ತಿಂಗಳಿಗೊಮ್ಮೆ ತೆಗೆದು ಬೇರೆ ಗೆರೆಯಲ್ಲಿ ಮಡಚಿ, ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಕವರ್ ಬೇಡ, ನುಸಿಗುಳಿಗೆ ಜರಿಗೆ ತಾಗಬಾರದು, ತಂತಿಯ ಹ್ಯಾಂಗರಿಗೆ ನೇತುಹಾಕಿದರೆ ಸೀರೆಯ ಭಾರಕ್ಕೇ ಗೆರೆ ಬಿದ್ದು ಸೀಳುತ್ತದೆ.

ಇಳಕಲ್ ಸೀರೆಯ ಸೊಗಸು ಅದರ ಕೊಂಡಿಯಲ್ಲಿದೆ. ಒಡಲಿನ ಹಾಸು ನೂಲಿಗೆ (ಮಗ್ಗದಲ್ಲಿ ಉದ್ದಕ್ಕೆ ಹಾಸಿದ ನೂಲು) ಸೆರಗಿನ ಹಾಸು ನೂಲನ್ನು ಕುಣಿಕೆ ಹಾಕಿ ಜೋಡಿಸಿ ನೇಯುವುದರಿಂದಲೇ ಹತ್ತಿಯ ಒಡಲಿಗೆ ರೇಷ್ಮೆಯ ಟೋಪ ತೆನಿ (ಕೆಂಪು-ಬಿಳಿ ವಿನ್ಯಾಸದ) ಸೆರಗು ಬಂದದ್ದು. ಕುರ್ತಾ ಹೊಲಿಸಲು ಕತ್ತರಿಸಿದರೆ ಮೊದಲು ಹೋಗುವುದು ಆ ಕೊಂಡಿಯೇ. ಒಗೆಯುವಾಗ ತಣ್ಣೀರು, ಬೇರೆಯಾಗಿ. ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆ ಎಂಬುದು ನಂಬಿಕೆ ಮಾತ್ರ, ಬಣ್ಣ ಹಾಕುವಾಗಲೇ ನೂಲಿಗೆ ಹಿಡಿಯದ್ದು ನಿಮ್ಮ ಬಕೀಟಿನಲ್ಲಿ ಹಿಡಿಯುವುದಿಲ್ಲ. ಒದ್ದೆ ಬಿಳಿ ಬಟ್ಟೆಯಿಂದ ಸೆರಗನ್ನು ಉಜ್ಜಿ ನೋಡಿ, ಬಣ್ಣ ಅಂಟಿದರೆ ಡ್ರೈ ವಾಶಿಗೆ ಕೊಡಿ.

ಸೀರೆ ಕತ್ತರಿಸಬಹುದಾದ ಸಂದರ್ಭ ಒಂದೇ: ಮಡಿಕೆಯ ಗೆರೆಗುಂಟ ರೇಷ್ಮೆ ಸೀಳಲು ಶುರುವಾಗಿ ಉಡಲಾಗದ ಹಾಗಾದಾಗ. ಆಗಲೂ ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಸೀಳಿನ ಆಚೆ-ಈಚೆಯ ಬಟ್ಟೆ ತಡೆದರೆ ಲೈನಿಂಗ್ ಕೊಟ್ಟು ಸಡಿಲವಾದ ಕುರ್ತಾ, ಮಕ್ಕಳ ಲಂಗ ಹೊಲಿಸಬಹುದು. ಚರ್ರೆಂದರೆ ದಿಂಬಿನ ಚೀಲಕ್ಕೂ ಬರುವುದಿಲ್ಲ, ಅಂಚು ಬಿಡಿಸಿಕೊಂಡು ರವಿಕೆಗಳಿಗೆ ಬಳಸಿ.

ಕುರ್ತಾಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕುರ್ತಾ ಬದಲಿಸಬೇಡಿ, ಕೆಳಗಿನದನ್ನು ಬದಲಿಸಿ. ಲೆಗ್ಗಿಂಗ್ಸ್ ಪಕ್ಕಕ್ಕಿಟ್ಟು ಅರೆಬಿಳಿ, ಕಪ್ಪು, ಮರೂನ್ ಬಣ್ಣದ ಮೂರು ನೇರ ಪ್ಯಾಂಟು ಹೊಲಿಸಿ. 44 ಇಂಚು ಅಗಲದ ಹತ್ತಿ ಬಟ್ಟೆ ಒಂದಕ್ಕೆ ಎರಡೂಕಾಲು ಮೀಟರ್, ನೆನೆಸಿ ಒಣಗಿಸಿದ ಮೇಲೆ ಕತ್ತರಿಸಬೇಕು, ಕಾಲಿನ ಅಂಚಿನ ಸುತ್ತು 13ರಿಂದ 14 ಇಂಚು, ಉದ್ದ ಕಾಲ್ಗಂಟಿನ ಮೇಲೆ ನಿಲ್ಲಲಿ. ಕುರ್ತಾ 46 ಇಂಚು ಉದ್ದವಿದ್ದರೆ 40ಕ್ಕೆ ಇಳಿಸಿ. ಉಳಿದ ಆರು ಇಂಚಿನ ಬಟ್ಟೆ ಎಸೆಯಬೇಡಿ, ಜೇಬಿಗಾಯಿತು.

ಸಂಪ್ರದಾಯ ಬಿಟ್ಟು ಟ್ರೆಂಡಿಗೆ ಬಿದ್ದೆ ಎಂಬ ಅಳುಕು ನಿಮ್ಮ ಪತ್ರದ ಸಾಲುಗಳ ನಡುವೆ ಕಂಡಿತು. ಲಂಗ-ರವಿಕೆಯ ಮೇಲೆ ಮುಂದೆ ನೆರಿಗೆ ಹಿಡಿದು ಎಡ ಹೆಗಲಿಗೆ ಸೆರಗು ಹಾಕುವ ಈಗಿನ ಉಡಿಗೆ ದೇಶದ ಉದ್ದಗಲಕ್ಕೆ ಹರಡಿದ್ದು 19ನೇ ಶತಮಾನದ ಕೊನೆಯ ಭಾಗದಿಂದೀಚೆಗೆ. ಠಾಕೂರ್ (ರವೀಂದ್ರನಾಥ ಟಾಗೋರರ) ಮನೆತನದ ಜ್ಞಾನದಾನಂದಿನಿ ದೇವಿ ಬೊಂಬಾಯಿಯಲ್ಲಿ ಪಾರ್ಸಿ ಹೆಂಗಸರ ಉಡುಪು ನೋಡಿ ಬಂಗಾಳಕ್ಕೆ ಹೊತ್ತು ತಂದ ಶೈಲಿಗೂ ಇದಕ್ಕೂ ನಂಟಿದೆ. ಕೊಡಗಿನವರು ಇಂದಿಗೂ ನೆರಿಗೆ ಹಿಂದಕ್ಕೇ ಇಡುತ್ತಾರೆ. ಮುಂದೆ ನೆರಿಗೆಯ ನಮ್ಮ ಉಡಿಗೆಯೂ ಒಂದು ಕಾಲದ ಟ್ರೆಂಡೇ, ಉಳಿದುಕೊಂಡಿತು ಅಷ್ಟೆ.

ಇನ್ನು ನಿಮ್ಮ ಎರಡು ಸಾವಿರ. ಮೊದಲ ತಿಂಗಳು ಬಿಗಿಯಾದ ರವಿಕೆಗಳನ್ನು ಬಿಚ್ಚಿಸಿ, ಹೆಚ್ಚು ಹಾಕುವ ಐದಾರು ಸಾಕು. ಎರಡನೇ ತಿಂಗಳು ಮೂರು ಪ್ಯಾಂಟು. ಮೂರನೇ ತಿಂಗಳು ಖಣದ ಎರಡು ರವಿಕೆ, ಒಂದು ಕಡುಗೆಂಪು, ಒಂದು ಹಸಿರೋ ಕಪ್ಪೋ, ಬೀರುವಿನಲ್ಲಿರುವ ಮೂರು ಸೀರೆಗೂ ಹೊಂದುವ ಹಾಗೆ ಸೀರೆಯನ್ನೇ ಅಂಗಡಿಗೆ ಒಯ್ದು ಹಗಲು ಬೆಳಕಿನಲ್ಲಿ ನೋಡಿ ಆರಿಸಿ. ಆಮೇಲೆ ಯಾವುದಾದರೂ ಹೊಸ ಡಿಸೈನ್ ಕಣ್ಣಿಗೆ ಬಿದ್ದರೆ ಫೋಟೋ ಉಳಿಸಿಕೊಂಡು ಆರು ವಾರ ಸುಮ್ಮನಿರಿ. ಅಷ್ಟರಲ್ಲಿ ಅದು ರೀಲ್ಸಿನಿಂದ ಇಳಿದು ಬಸ್ಸಿನಲ್ಲಿ, ಸಂತೆಯಲ್ಲಿ ನಿಜವಾದ ಹೆಂಗಸರ ಮೈಮೇಲೆ ಕಾಣಿಸಿಕೊಂಡರೆ ಹೊಲಿಸಿ.

ಆಲ್ಟ್ರೇಷನ್ನಿಗೆ ಆಷಾಢದಲ್ಲಿ ಕೊಡಿ. ಮದುವೆಗಳಿಲ್ಲದ ಆ ತಿಂಗಳು ಟೇಲರ್ ಕೈ ಖಾಲಿ ಇರುತ್ತದೆ, ಹಳೆಯ ಹೊಲಿಗೆಯನ್ನು ಬ್ಲೇಡಿನಲ್ಲಿ ಎಳೆದು ಕೀಳದೆ ಎಳೆ ಎಳೆಯಾಗಿ ಬಿಚ್ಚುವಷ್ಟು ತಾಳ್ಮೆಯೂ ಇರುತ್ತದೆ. ಶ್ರಾವಣ ಕಾಲಿಟ್ಟು ವರಮಹಾಲಕ್ಷ್ಮಿಯ ಗಡಿಬಿಡಿ ಶುರುವಾದರೆ ಹೊಸ ಬಟ್ಟೆಗೇ ಜಾಗ, ನಿಮ್ಮ ಹಳೆಯ ಕವರ್ ದೀಪಾವಳಿಯವರೆಗೂ ಮೊಳೆಗೆ ನೇತಾಡುತ್ತದೆ.